ಮೂವತ್ತೆಂಟು ಸೆಂಟಿಮೀಟರ್ ನೀರು

ಸಾರವಾಡದ ಪರಸಪ್ಪನ ಮಗಳು ಸಪ್ನಾ ಎಂಬ ನರ್ಸ್ ಬಗ್ಗೆ ವಿಜಯಪುರದ ಆಸ್ಪತ್ರೆಗಳಲ್ಲಿ ವಿಚಾರಿಸಿದರೆ ಎಲ್ಲರೂ ಮೊದಲು ಹೇಳುವುದು ಒಂದೇ ಮಾತು: ಬಾಯಿ ಜೋರು. ನಾನು ಅಲ್ಲಗಳೆಯುವುದಿಲ್ಲ. ಜೋರೇ ಜೋರು. ಆ ಬಾಯಿ ಅಷ್ಟು ಜೋರಾಗಿರದಿದ್ದರೆ ನನ್ನ ಮಗಳು ಇವತ್ತು ಇರುತ್ತಿರಲಿಲ್ಲ. ಹಾಗಾಗಿ ಯಾರಾದರೂ ನನ್ನ ಮುಂದೆ ಆಕೆಯ ಬಗ್ಗೆ ಮೂಗು ಮುರಿದರೆ ನನಗೆ ಪಿತ್ತ ನೆತ್ತಿಗೇರುತ್ತದೆ. ಬೇರೆಯವರ ಮೇಲೆ ಸಿಟ್ಟಾಗುವ ಅಧಿಕಾರ ನನಗೆಷ್ಟಿದೆ ಎಂಬುದು ಬೇರೆ ಪ್ರಶ್ನೆ. ಅದನ್ನೂ ಮುಚ್ಚಿಡದೆ ಹೇಳುತ್ತೇನೆ.

ನನ್ನ ಹೆಸರು ಸುಶೀಲೇಂದ್ರ. ಮನೆ ಜಲನಗರದಲ್ಲಿ. ಮೂವತ್ತನಾಲ್ಕು ವರ್ಷ ಊರಿಗೆ ನೀರು ಬಿಡುವ ಕೆಲಸದಲ್ಲಿ ಓವರ್‌ಸಿಯರ್ ಆಗಿದ್ದು ನಿವೃತ್ತನಾದವನು. ಪೈಪು, ವಾಲ್ವು, ಒತ್ತಡ ಇವು ಬಿಟ್ಟರೆ ಪ್ರಪಂಚದಲ್ಲಿ ನನಗೆ ಹೆಚ್ಚೇನೂ ಗೊತ್ತಿಲ್ಲ. ನಿವೃತ್ತಿಯಾಗಿ ಏಳು ವರ್ಷವಾದರೂ ಜೇಬಿನಲ್ಲಿ ಸ್ಟೀಲ್ ಟೇಪು ಇಲ್ಲದೆ ನಾನು ಹೊರಗೆ ಬೀಳುವುದಿಲ್ಲ. ಹೆಂಡತಿ ಗಂಗಾಬಾಯಿ ಇದಕ್ಕೆ ನಗುತ್ತಾಳೆ. "ಸತ್ತ ಮ್ಯಾಲ ಚಟ್ಟ ಅಳೀಲಿಕ್ಕೆ ಬೇಕಾಗ್ತದೇನ್ರೀ?" ಎನ್ನುತ್ತಾಳೆ.

ಸಪ್ನಾಳ ಬಾಯಿ ಜೋರಾದದ್ದು ಹೇಗೆ ಎಂಬುದು ನನಗೆ ಆಮೇಲೆ ತಿಳಿದದ್ದು. ಸ್ವಲ್ಪವನ್ನು ಆಕೆಯೇ ಹೇಳಿದಳು, ಉಳಿದದ್ದನ್ನು ಆಕೆಯ ಅಪ್ಪ ಪರಸಪ್ಪ.

ಪರಸಪ್ಪ ಸಾರವಾಡದವನು. ಸ್ವಂತ ಹೊಲ ಕಡಿಮೆ, ಹೀಗಾಗಿ ತಿಕೋಟಾ ಕಡೆಯ ದ್ರಾಕ್ಷಿ ಪಡಗಳಲ್ಲಿ, ಅಂದರೆ ತೋಟಗಳಲ್ಲಿ, ದುಡಿಯುತ್ತಿದ್ದ. ಬಳ್ಳಿಗಳಿಗೆ ಹನಿ ನೀರು ಕೊಡುವ ಪೈಪುಗಳನ್ನು ದಿನವೂ ನೋಡಿಕೊಳ್ಳುವುದು ಅವನ ಕೆಲಸ. ಶಾಲೆಗೆ ಸೂಟಿ ಇದ್ದಾಗ ಸಪ್ನಾ ಅಪ್ಪನ ಹಿಂದೆಯೇ ಪಡಕ್ಕೆ ಹೋಗುತ್ತಿದ್ದಳು. ಸಾಲಿನ ಮೊದಲ ಬಳ್ಳಿಯ ಹತ್ತಿರ ನಿಂತು "ಎಲ್ಲಾ ಹಸರ ಐತೆಪ್ಪಾ" ಎಂದರೆ ಪರಸಪ್ಪ ಅವಳನ್ನು ಕೈಹಿಡಿದು ಸಾಲಿನ ತುದಿಗೆ ಎಳೆದುಕೊಂಡು ಹೋಗುತ್ತಿದ್ದ. "ಮೊದಲನೇ ಬಳ್ಳಿ ನೋಡಿ ಮೋಸ ಹೋಗಬ್ಯಾಡವಾ. ಪೈಪಿನ ಮ್ಯಾಲ ಎಲ್ಲ್ಯಾರ ಕಲ್ಲ ಬಿದ್ದಿದ್ರ ಮೊದಲ ಒಣಗೋದು ಕೊನೀ ಬಳ್ಳಿ" ಎನ್ನುತ್ತಿದ್ದ.

ಒಮ್ಮೆ ಹಾಗೆಯೇ ಆಯಿತು. ಕೊನೆಯ ಹತ್ತು ಬಳ್ಳಿಗಳ ಎಲೆ ಬಾಡಿತು. ಪಡದ ಮಾಲೀಕ ಬಂದವನೇ ಪಂಪಿನ ಒತ್ತಡ ಹೆಚ್ಚಿಸು ಎಂದ. ಪರಸಪ್ಪ ಹೆಚ್ಚಿಸಲಿಲ್ಲ. ಹೆಚ್ಚಿಸಿದರೆ ಹಿಂದಿನ ಜೋಡಣೆಗಳೆಲ್ಲ ಒಡೆದು ನೀರು ಎಲ್ಲೆಂದರಲ್ಲಿ ಹರಿಯುತ್ತದೆ, ತುದಿಗೆ ಮಾತ್ರ ಹೋಗುವುದಿಲ್ಲ ಎಂದು ವಾದಿಸಿದ. ಮಾಲೀಕ ಕೂಗಾಡಿದ. "ಪಂಪ ನಿಮ್ದ ಐತ್ರಿ ಧಣೇರ. ಖರೆ, ಬಳ್ಳಿ ಸತ್ರ ಬೈಗಳ ನನಗ. ಮೊದಲ ಕಲ್ಲ ಹುಡುಕ್ತೇನಿ" ಎಂದ. ಅಪ್ಪ ಮಗಳಿಬ್ಬರೂ ಸಾಲುದ್ದಕ್ಕೂ ಅಂಬೆಗಾಲಿಟ್ಟು ಹೋದರು. ನಡುವೆ ಒಂದು ಕಡೆ ಟ್ರ್ಯಾಕ್ಟರ್ ಗಾಲಿ ಹತ್ತಿ ಕಲ್ಲೊಂದು ಪೈಪನ್ನು ಚಪ್ಪಟೆ ಮಾಡಿ ಮಣ್ಣಲ್ಲಿ ಹೂತಿತ್ತು. ಸಪ್ನಾ ತನ್ನ ಕೈಯಿಂದಲೇ ಅದನ್ನು ಕೆದರಿ ತೆಗೆದಳು. ಆಗ ಆಕೆಗೆ ಹನ್ನೊಂದು ವರ್ಷ.

ಮುಂದೆ ಆಕೆ ನರ್ಸಿಂಗ್ ಓದಿದಳು, ಒಂದು ಖಾಸಗಿ ಆಸ್ಪತ್ರೆಗೆ ಸೇರಿದಳು. ಯಾವ ಆಸ್ಪತ್ರೆ ಎಂದು ನಾನು ಕೇಳಿದೆ, ಆಕೆ ಹೇಳಲಿಲ್ಲ. ಅಲ್ಲಿಗೆ ಒಬ್ಬ ರೈತನನ್ನು ತಂದಿದ್ದರು. ಟ್ರೇಲರ್ ಮೈಮೇಲೆ ಬಿದ್ದು ಹೊಟ್ಟೆಗೆ ಪೆಟ್ಟಾಗಿತ್ತು. ಆಪರೇಷನ್ ಚೆನ್ನಾಗಿಯೇ ಆಯಿತು. ಮಾರನೆಯ ದಿನ ಹೊಟ್ಟೆ ಕಲ್ಲಿನ ಹಾಗೆ ಬಿಗಿಯಿತು, ಮೂತ್ರ ಕಡಿಮೆಯಾಯಿತು, ಉಸಿರು ಮೇಲೆ ಮೇಲೆ ಆಡತೊಡಗಿತು. ಸಪ್ನಾ ಎರಡು ಸಲ ಡಾಕ್ಟರಿಗೆ ಹೇಳಿದಳು. ಎರಡು ಸಲವೂ "ಸಲಾಯಿನ್ ಏರಿಸು" ಎಂದರು. ಮೂರನೆಯ ಸಲ ಹೇಳಲು ಹೋದವಳು ಬಾಗಿಲವರೆಗೆ ಹೋಗಿ ವಾಪಸ್ಸು ಬಂದಳು. ಹೊಸ ಕೆಲಸ, ಬೈಸಿಕೊಳ್ಳುವ ಹೆದರಿಕೆ. ಸಂಜೆ ಆ ಮನುಷ್ಯ ತೀರಿಕೊಂಡ. ಅವನ ಹೆಂಡತಿ ಸಪ್ನಾಳ ಕೈಹಿಡಿದು, "ನೀವು ಭಾಳ ಮಾಡಿದ್ರಿ ಯವ್ವಾ" ಎಂದು ಅತ್ತಳಂತೆ. ಆ ಮಾತು ತನಗೆ ಇವತ್ತಿಗೂ ಚುಚ್ಚುತ್ತದೆ ಎನ್ನುತ್ತಾಳೆ ಸಪ್ನಾ.

ಕೆಲವು ತಿಂಗಳ ಬಳಿಕ ನರ್ಸುಗಳ ತರಬೇತಿಯೊಂದರಲ್ಲಿ ಹೊರಗಿನಿಂದ ಬಂದಿದ್ದ ಡಾಕ್ಟರೊಬ್ಬರು ಅದನ್ನೇ ವಿವರಿಸಿದರು. ಹೊಟ್ಟೆಯೂ ಒಂದು ಮುಚ್ಚಿದ ಡಬ್ಬಿ. ಒಳಗೆ ಗಾಳಿಯೋ ರಕ್ತವೋ ನೀರೋ ತುಂಬಿ ಒತ್ತಡ ಏರಿದರೆ ಕಿಡ್ನಿಗೆ, ಕರುಳಿಗೆ, ಪಿತ್ತಜನಕಾಂಗಕ್ಕೆ ರಕ್ತ ಹೋಗುವ ದಾರಿ ಅಮುಕಿ ಹೋಗುತ್ತದೆ. ಕಾಲಿನ ಕಡೆಯಿಂದ ರಕ್ತ ಹೃದಯಕ್ಕೆ ಮರಳುವುದು ಕಡಿಮೆಯಾಗುತ್ತದೆ. ಹೊಟ್ಟೆ ಮೇಲಕ್ಕೆ ತಳ್ಳುವುದರಿಂದ ಪುಪ್ಪುಸ ಅರಳುವುದಿಲ್ಲ. ಹೋಗುವ ಅಷ್ಟಿಷ್ಟು ರಕ್ತದಲ್ಲೂ ಆಕ್ಸಿಜನ್ ಕಡಿಮೆ. ಮೊದಲು ಸೊರಗುವುದು ಕಿಡ್ನಿ. ಒತ್ತಡ ಇಳಿಸದೆ ಸಲಾಯಿನ್ ಮಾತ್ರ ಸುರಿದರೆ ಅದೂ ಸೋರಿ ಹೊಟ್ಟೆಯಲ್ಲೇ ತುಂಬುತ್ತದೆ. ಇದನ್ನು ಅಳೆಯಲು ಯಂತ್ರವೇ ಬೇಕೆಂದಿಲ್ಲ, ಮೂತ್ರದ ನಳಿಕೆಯಲ್ಲಿ ನೀರು ಎಷ್ಟು ಎತ್ತರ ನಿಲ್ಲುತ್ತದೆ ಎಂದು ನೋಡಿದರೂ ಸಾಕು ಎಂದು ಮಾಡಿ ತೋರಿಸಿದರು.

"ನಮ್ಮಪ್ಪ ಹೇಳಿದ್ದ ಕಲ್ಲ ಇದ" ಎಂದು ಸಪ್ನಾಳಿಗೆ ಅಲ್ಲಿಯೇ ಅನಿಸಿತು. ಎಲ್ಲರ ಮುಂದೆಯೇ ಗಳಗಳ ಅತ್ತುಬಿಟ್ಟಳಂತೆ. ಅವತ್ತಿನಿಂದ ಆಕೆ ಬಾಯಿ ಮುಚ್ಚಿಕೊಂಡಿಲ್ಲ. ಬಾಯಿ ಮುಚ್ಚಿಕೊಳ್ಳದ್ದಕ್ಕೆ ಎರಡು ಕಡೆ ಕೆಲಸ ಬಿಟ್ಟಳು. ಮೂರನೆಯದಾಗಿ ಬಂದದ್ದು ನಮ್ಮ ಮನೆಯ ಹತ್ತಿರದ ಹೆರಿಗೆ ಆಸ್ಪತ್ರೆಗೆ.

ನನ್ನ ಮಗಳು ಮೃಣಾಲ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಎರಡು ವರ್ಷದ ಹಿಂದಿನ ಜನವರಿ. ಹೆರಿಗೆ ತಡವಾಯಿತೆಂದು ಹೊಟ್ಟೆ ಕೊಯ್ದು ಮಗುವನ್ನು ತೆಗೆದರು. ಹೆಣ್ಣು ಮಗು, ದುಂಡುದುಂಡಗೆ. ಅಳಿಯನಿಗೆ ಫೋನ್ ಮಾಡಿ, ಪೇಢೆ ಹಂಚಿ, ನಾನು ಕಾಲು ಚಾಚಿ ಕುಳಿತೆ. ಎಲ್ಲ ಮುಗಿಯಿತೆಂದುಕೊಂಡಿದ್ದೆ.

ನಮ್ಮ ಕಡೆ ಬಾಣಂತಿಯ ಹೊಟ್ಟೆ ಕಟ್ಟುವುದು ಎಲ್ಲರ ಮನೆಯಲ್ಲೂ ಇದೆ. ಗಂಗಾಬಾಯಿಯ ಬಳಿ ಅದಕ್ಕೆಂದೇ ಒಂದು ಹಳೆಯ ಮೆತ್ತನೆಯ ಸೀರೆ ಇತ್ತು, ಅವಳ ತಾಯಿಯದು. ಅವಳ ಮೂರು ಬಾಣಂತನ ಅದರಲ್ಲೇ ಆಗಿದ್ದವು. ಅದನ್ನು ಒಗೆದು, ಸಾಂಬ್ರಾಣಿ ಹೊಗೆ ಹಾಕಿ, ಚೀಲದ ಅಡಿಯಲ್ಲಿಟ್ಟು ಆಸ್ಪತ್ರೆಗೆ ತಂದಿದ್ದಳು. "ಕಟ್ಟಲಿಲ್ಲಂದ್ರ ಹೊಟ್ಟಿ ಜೋತು ಬೀಳ್ತದ, ಗಾಳಿ ಹೊಗ್ತದ" ಎಂಬುದು ಅವಳ ನಂಬಿಕೆ. ಎರಡನೆಯ ದಿನ ಯಾರೂ ಇಲ್ಲದ ಹೊತ್ತು ನೋಡಿ, ಹೊಲಿಗೆಯ ಮೇಲೆ ಹತ್ತಿ ಇಟ್ಟು ಹೊಟ್ಟೆಗೆ ಮೂರು ಸುತ್ತು ಬಿಗಿದಳು. ಮೇಲೆ ಚಾದರ ಹೊದಿಸಿದಳು. ಬಾಗಿಲಲ್ಲಿ ಕಾವಲು ನಿಂತವನು ನಾನೇ.

ಅವತ್ತು ಸಂಜೆ ಸಪ್ನಾ ನಾಲ್ಕನೆಯ ಕೋಣೆಗೆ ಬಂದಾಗ ಗಂಗಾಬಾಯಿ ನಳಕ್ಕೆ ಹೋಗಿದ್ದಳು. ಸಪ್ನಾ ಚಾದರ ಸರಿಸಿದಳು, ಕಟ್ಟು ನೋಡಿದಳು, ಗಂಟು ಬಿಚ್ಚಿದಳು. ಬಿಚ್ಚಿ ಮುಗಿಯುವಷ್ಟರಲ್ಲಿ ಗಂಗಾಬಾಯಿ ಬಂದಳು.

"ಯಾರವಾ ನೀ, ನನ್ನ ಮಗಳ ಮೈಮ್ಯಾಲಿನ ಬಟ್ಟಿಗೆ ಕೈ ಹಚ್ಚಲಿಕ್ಕೆ?"

"ಈ ವಾರ್ಡಿನ ಸಿಸ್ಟರ್ ಅದೀನ್ರಿ ಅಮ್ಮಾರ. ಇವರ ಕರಳ ಇನ್ನಾ ಆಡವಲ್ದು, ಹೊಟ್ಟಿ ಗ್ಯಾಸ್ ತುಂಬಿ ಉಬ್ಬಾಕತ್ತೈತಿ. ಉಬ್ಬೋ ಹೊಟ್ಟಿನ ಹಿಂಗ ಬಿಗದ್ರ ಒಳಗ ರಕ್ತ ಹೆಂಗ ತಿರಗಾಡಬೇಕ್ರಿ?"

"ಮೂರು ಬಾಣಂತನ ಇದರಾಗ ಮಾಡಿಸ್ಕೊಂಡೀನಿ ನಾ. ನನ್ನ ರಕ್ತ ಎಲ್ಲೆ ನಿಂತಿತ್ತು?"

"ನಿಮ್ಮ ಹೊಟ್ಟಿ ಕೊಯ್ದಿದ್ದಿಲ್ರಿ. ಉಬ್ಬಿದ್ದೂ ಇದ್ದಿಲ್ಲ. ಇದು ಇಳದ ಮ್ಯಾಲ ಡಾಕ್ಟರ್ ಹೇಳಿದ್ರ ಹಗೂರಕ ಪಟ್ಟಿ ಹಾಕೋಣಂತ. ಈಗ ಬ್ಯಾಡ್ರಿ."

ಸೀರೆ ಮಡಿಸಿ ಗಂಗಾಬಾಯಿಯ ಕೈಗೆ ಕೊಟ್ಟು ಹೊರಟೇ ಹೋದಳು. ಗಂಗಾಬಾಯಿ ನನ್ನತ್ತ ನೋಡಿದಳು. ನಲವತ್ತು ವರ್ಷದಿಂದ ಆ ನೋಟದ ಅರ್ಥ ನನಗೆ ಗೊತ್ತು. "ಇರಲಿ ಬಿಡು, ಕಲ್ತ ಹುಡುಗಿ ಹೇಳ್ಲಿಕತ್ತಾಳ" ಎಂದು ಅನ್ನಬೇಕಿತ್ತು. ಅನ್ನಲಿಲ್ಲ. ಸಪ್ನಾಳ ಡ್ಯೂಟಿ ಮುಗಿದ ಕೂಡಲೇ ಸೀರೆ ಮತ್ತೆ ಹೊಟ್ಟೆಗೆ ಏರಿತು. ಬೆಳಿಗ್ಗೆ ಹೊಟ್ಟೆ ಇನ್ನಷ್ಟು ಉಬ್ಬಿದ್ದನ್ನು ನೋಡಿ ಗಂಗಾಬಾಯಿ "ಸಡಲ ಆಗಿತ್ತು, ಅದಕ್ಕ ಗಾಳಿ ಹೊಕ್ಕದ" ಎಂದು ಇನ್ನೊಂದು ಸುತ್ತು ಸೇರಿಸಿದಳು. ಉಬ್ಬಿದಷ್ಟೂ ಬಿಗಿದಳು, ಬಿಗಿದಷ್ಟೂ ಅದು ಕಲ್ಲಾಯಿತು.

ಈಗ ನನ್ನ ಪಾಪದ ಮಾತು. ಅವತ್ತು ಬೆಳಿಗ್ಗೆ ಗಂಗಾಬಾಯಿ ಹೇಳಿದಳು, ನಾನು ಬರೆದೆ. ಆಸ್ಪತ್ರೆಯ ಮ್ಯಾನೇಜರ್ ಗುರಣ್ಣನವರಿಗೆ ಒಂದು ಅರ್ಜಿ. ಕಚೇರಿಯಲ್ಲಿ ನನ್ನ ಅಕ್ಷರಕ್ಕೆ ಹೆಸರಿತ್ತು, ಆ ಅಕ್ಷರದಲ್ಲೇ ಬರೆದೆ. ಸಿಸ್ಟರ್ ಸಪ್ನಾ ಬಾಣಂತಿಯ ಬಟ್ಟೆಗೆ ಕೈ ಹಾಕಿದರು, ಹಿರಿಯರಿಗೆ ಎದುರುತ್ತರ ಕೊಟ್ಟರು, ಅವರನ್ನು ನಮ್ಮ ಕೋಣೆಗೆ ಕಳಿಸಬಾರದು. ಇವು ಮೂರು ಸಾಲು. ನಾಲ್ಕನೆಯ ಸಾಲೂ ಒಂದಿತ್ತು. ಅದರಲ್ಲಿ ಆಕೆ ಯಾವ ಓಣಿಯವಳು, ಯಾರ ಮನೆಯವಳು, ಅಂಥವಳ ಕೈ ಬಾಣಂತಿಗೆ ಯಾಕೆ ತಾಗಬೇಕು ಎಂಬ ಅರ್ಥದ ಮಾತಿತ್ತು. ಅದನ್ನು ನಾನು ಇಲ್ಲಿ ಮತ್ತೆ ಬರೆಯಲಾರೆ. ಅವತ್ತು ಮಾತ್ರ ಅನುಮಾನಿಸದೆ ಬರೆದೆ. ಸಹಿ ಹಾಕಿ, ತಾರೀಖು ಹಾಕಿ, ಎಂಟಕ್ಕೆ ಇನ್ನೂ ಕಾಲು ಗಂಟೆ ಇದ್ದಾಗ ಕೊಟ್ಟು ಬಂದೆ.

ಎಂಟು ಗಂಟೆಗೆ ನಮ್ಮ ಕೋಣೆಗೆ ಚಂದ್ರಕಲಾ ಎಂಬ ಬೇರೆ ಸಿಸ್ಟರ್ ಬಂದಳು. ಗಂಗಾಬಾಯಿ ಗೆದ್ದವಳ ಹಾಗೆ ಕುಳಿತಳು. ಚಂದ್ರಕಲಾ ಮೂತ್ರದ ಚೀಲ ನೋಡಿ ಮುಖ ಸಣ್ಣದು ಮಾಡಿಕೊಂಡಳು. ಎರಡು ಗಂಟೆಗಳಲ್ಲಿ ಬಂದದ್ದು ಹನ್ನೆರಡೇ ಎಂ.ಎಲ್. ಡಾಕ್ಟರ್ ಮಲ್ಲಿಕಾರ್ಜುನ ಆಪರೇಷನ್ ಕೋಣೆಯಲ್ಲಿದ್ದರು. ಫೋನಿನಲ್ಲಿ "ಇನ್ನೊಂದು ಸಲಾಯಿನ್ ಜೋರ್ ಬಿಡು" ಎಂದರು. ಚಂದ್ರಕಲಾ ಬಿಟ್ಟಳು. ಹೊಟ್ಟೆ ಕಟ್ಟಿದೆ ಎಂದು ಅವಳಿಗೂ ಗೊತ್ತಿರಲಿಲ್ಲ, ಡಾಕ್ಟರಿಗೂ ಗೊತ್ತಿರಲಿಲ್ಲ. ಗೊತ್ತಿದ್ದ ಇಬ್ಬರೂ ಚಾದರ ಸರಿಮಾಡುತ್ತ ಕುಳಿತಿದ್ದೆವು.

ಒಂಬತ್ತರ ಹೊತ್ತಿಗೆ ಮೃಣಾಲ ಹೆದರಿದಳು. "ಅಪ್ಪಾ, ಉಸರು ಪೂರಾ ಒಳಗ ಹೋಗವಲ್ದು" ಎಂದಳು. ತುಟಿಯ ಬಣ್ಣ ಇಳಿದಿತ್ತು. ಬೆರಳಿಗೆ ಸಿಕ್ಕಿಸಿದ್ದ ಯಂತ್ರ ಆಕ್ಸಿಜನ್ ಎಂಬತ್ತೊಂಬತ್ತು ಎಂದು ತೋರಿಸುತ್ತಿತ್ತು. ಚಂದ್ರಕಲಾ ಮೂಗಿಗೆ ಆಕ್ಸಿಜನ್ ಹಚ್ಚಿ ಮತ್ತೆ ಫೋನ್ ಮಾಡಲು ಓಡಿದಳು. ಗಂಗಾಬಾಯಿ ದೇವರ ಹೆಸರು ಹೇಳುತ್ತ ಚಾದರವನ್ನು ಇನ್ನೂ ಮೇಲಕ್ಕೆ ಎಳೆದಳು.

ತೆರೆದ ಬಾಗಿಲ ಮುಂದೆ ಸಪ್ನಾ ಹಾದು ಹೋಗುತ್ತಿದ್ದಳು. ಮಂಚದ ಪಕ್ಕ ನೇತಾಡುತ್ತಿದ್ದ ಮೂತ್ರದ ಚೀಲದ ಮೇಲೆ ಕಣ್ಣು ಬಿತ್ತು. ನಿಂತಳು. ಒಳಗೆ ಬಂದಳು.

"ನಿನಗ ಇಲ್ಲೆ ಬರಬ್ಯಾಡ ಅಂದಾರಲ್ಲ?" ಎಂದಳು ಗಂಗಾಬಾಯಿ.

"ಅಂದಾರ್ರಿ. ಬಂದೇನಿ."

ಮೃಣಾಲಳ ನಾಡಿ ನೋಡಿದಳು, ಚೀಲ ನೋಡಿದಳು, ಗಂಗಾಬಾಯಿಯ ಕೈ ಚಾದರ ಹಿಡಿದದ್ದನ್ನೂ ನೋಡಿದಳು. ಎಲ್ಲ ತಿಳಿದಿರಬೇಕು. ಆದರೆ ಚಾದರಕ್ಕೆ ಕೈ ಹಾಕಲಿಲ್ಲ. "ನಿಮ್ಮ ಬಟ್ಟಿ ಮುಟ್ಟಂಗಿಲ್ರಿ ಅಮ್ಮಾರ. ನನಗ ಈ ನಳಿಗಿ ಅಷ್ಟ ಸಾಕು" ಎಂದಳು. ಕೈ ತೊಳೆದು ಕೈಗವಸು ಹಾಕಿಕೊಂಡು, ಮಗಳ ದಿಂಬು ತೆಗೆದು ಅಂಗಾತ ಮಲಗಿಸಿದಳು. ಮೂತ್ರದ ನಳಿಕೆಗೆ ಸ್ವಲ್ಪ ಶುದ್ಧ ಸಲಾಯಿನ್ ಬಿಟ್ಟಳು. ಹೊಸ ಪಾರದರ್ಶಕ ನಳಿಕೆಯೊಂದನ್ನು ಜೋಡಿಸಿ ನೆಟ್ಟಗೆ ಮೇಲಕ್ಕೆ ಹಿಡಿದಳು. ಆಮೇಲೆ ಸುತ್ತ ನೋಡಿದಳು.

"ಸ್ಕೇಲ್ ಐತೇನ್ರಿ ಯಾರ ಕಡೆರ?"

ನಾನು ಜೇಬಿನಿಂದ ಟೇಪು ತೆಗೆದೆ. ಆಕೆ ನನ್ನ ಮುಖ ನೋಡಿದಳು, ಒಂದು ಗಳಿಗೆ ಜಾಸ್ತಿಯೇ ನೋಡಿದಳು. ಆಮೇಲೆ ಮಗಳ ಪಕ್ಕೆಯ ನಡುವೆ ಬೆರಳಿಟ್ಟು "ಇಲ್ಲಿಂದ ಹಿಡೀರಿ ಸರ್" ಎಂದಳು. ಹಿಡಿದೆ. ನಳಿಕೆಯಲ್ಲಿ ನೀರು ಏರಿತು, ನಿಂತಿತು, ಮಗಳು ಉಸಿರಾಡಿದಂತೆಲ್ಲ ಕೂದಲೆಳೆಯಷ್ಟು ಮೇಲೆ ಕೆಳಗೆ ಆಡಿತು. ಮೂವತ್ತೆಂಟು ಸೆಂಟಿಮೀಟರ್.

ನಮ್ಮ ಇಲಾಖೆಯಲ್ಲಿ ಇದಕ್ಕೆ ಹೆಡ್ ಎನ್ನುತ್ತಾರೆ. ಪೈಪಿನ ಒಳಗೆ ಎಷ್ಟು ಒತ್ತಡವಿದೆಯೋ ಅಷ್ಟು ಎತ್ತರಕ್ಕೆ ನೀರು ನಿಲ್ಲುತ್ತದೆ. ಇಡೀ ಆಯುಷ್ಯ ಇದನ್ನೇ ಅಳೆದವನು ನಾನು. ಯಾರೂ ಬಿಡಿಸಿ ಹೇಳುವುದು ಬೇಕಿರಲಿಲ್ಲ. ಆದರೂ ಸಪ್ನಾ ಹೇಳಿದಳು, ನನಗಿಂತ ಗಂಗಾಬಾಯಿಗೆ.

"ಮೂವತ್ತೆಂಟು ಸೆಂಟಿಮೀಟರ್ ನೀರು ಅಂದ್ರ ಪಾದರಸದ ಲೆಕ್ಕದಾಗ ಇಪ್ಪತ್ತೆಂಟು ಮಿಲಿಮೀಟರ್ ರಿ. ಇವರ ಬಿ.ಪಿ. ಸರಾಸರಿ ಎಪ್ಪತ್ತೈತಿ. ಅದರಾಗ ಇಪ್ಪತ್ತೆಂಟನ್ನ ಹೊಟ್ಟಿ ತಿನ್ನಾಕತ್ತೈತಿ. ಉಳದಿದ್ದು ನಲವತ್ತೆರಡು. ಅಷ್ಟರಾಗ ಕಿಡ್ನಿಗೆ ರಕ್ತ ಮುಟ್ಟಂಗಿಲ್ಲ. ಈಗ ನೀವ ಬಿಚ್ರಿ ಅಮ್ಮಾರ. ನೀರ ನೋಡಕೋತ ಬಿಚ್ರಿ."

ಗಂಗಾಬಾಯಿ ಮಗಳ ಮುಖ ನೋಡಿದಳು. ಚಾದರ ಸರಿಸಿದಳು. ಗಂಟು ಬಿಗಿದು ಹೋಗಿತ್ತು, ಉಗುರಿನಿಂದ ಕಿತ್ತಳು. ಒಂದು ಸುತ್ತು ಸಡಿಲಾಯಿತು, ನೀರು ಇಳಿಯಿತು. ಎರಡು ಸುತ್ತು, ಮೂರು, ನಾಲ್ಕು. ನೀರು ನಮ್ಮ ಕಣ್ಣೆದುರೇ ಇಳಿಯುತ್ತ ಬಂದು ಮೂವತ್ತೊಂದಕ್ಕೆ ನಿಂತಿತು. ಮೃಣಾಲ "ಅವ್ವಾ" ಎಂದು ದೊಡ್ಡದಾಗಿ ಉಸಿರೆಳೆದಳು. ಗಂಗಾಬಾಯಿ ಸೀರೆಯನ್ನು ಕೈಯಲ್ಲಿ ಹಿಡಿದುಕೊಂಡೇ ನೆಲದ ಮೇಲೆ ಕುಸಿದು ಕೂತಳು.

"ಏಳು ಸೆಂಟಿಮೀಟರ್ ನಿಮ್ಮ ಸೀರಿದು. ಉಳದ ಮೂವತ್ತೊಂದು ಒಳಗಿನ ಗ್ಯಾಸಿಂದು. ಅದೂ ಇಳೀಬೇಕು" ಎಂದಳು ಸಪ್ನಾ. ದಿಂಬು ಮತ್ತೆ ಇಟ್ಟು, ಸಲಾಯಿನ್ ಗಾಲಿ ತಿರುವಿ ಹನಿ ನಿಧಾನ ಮಾಡಿದಳು. ಚಾರ್ಟಿನಲ್ಲಿ ಎರಡೂ ಅಳತೆಗಳನ್ನು ಕೆಂಪು ಶಾಯಿಯಲ್ಲಿ ಬರೆದಳು. ವಾಪಸ್ಸು ಬಂದ ಚಂದ್ರಕಲಾಗೆ "ಇಲ್ಲೇ ನಿಂದ್ರು" ಎಂದು ಹೇಳಿ ಆಪರೇಷನ್ ಕೋಣೆಯ ಕಡೆ ನಡೆದಳು. ನಾನೂ ಹಿಂದೆ ಓಡಿದೆ.

ಬಾಗಿಲಲ್ಲಿ ಗುರಣ್ಣ ಅಡ್ಡ ಬಂದರು. "ಆ ಕೋಣಿಗೆ ಹೋಗಬ್ಯಾಡ ಅಂತ ಹೇಳಿದ್ದಿಲ್ಲೇನು ನಿನಗ? ಇಲ್ಲಿಗ್ಯಾಕ ಬಂದಿ?" ಎಂದರು. ಸಪ್ನಾ ಬಾಗಿಲ ಸಂದಿಗೆ ಬಾಯಿಟ್ಟು ಒಳಗೆ ಕೇಳುವ ಹಾಗೆ ಕೂಗಿದಳು. "ಸರ್, ನಾಲ್ಕನೇ ಕೋಣಿ ಪೇಷಂಟ್. ಹೊಟ್ಟಿ ಒತ್ತಡ ಮೂವತ್ತೆಂಟು ಸೆಂಟಿಮೀಟರ್ ಇತ್ತು, ಕಟ್ಟು ಬಿಚ್ಚಿದ ಮ್ಯಾಲ ಮೂವತ್ತೊಂದು. ಯೂರಿನ್ ನಿಂತೈತಿ. ಆಕ್ಸಿಜನ್ ಎಂಬತ್ತೊಂಬತ್ತು."

"ಅಳೀಲಿಕ್ಕೆ ಯಾರು ಹೇಳಿದ್ರು ನಿಂಗ?" ಒಳಗಿನಿಂದ ಡಾಕ್ಟರ್ ದನಿ.

"ಯಾರೂ ಹೇಳಿಲ್ರಿ. ಬಂದು ನೀವ ಅಳದು ನೋಡ್ರಿ. ನಂದು ತಪ್ಪಿದ್ರ ನಾಳಿಂದ ಈ ದವಾಖಾನಿ ಮೆಟ್ಟಲಾ ಹತ್ತಂಗಿಲ್ಲ."

ಒಳಗಿನಿಂದಲೇ "ಹೊಲಿಗಿ ಮುಗಿಸಿ ಬಂದೆ" ಎಂದರು. ಹತ್ತು ನಿಮಿಷಕ್ಕೆ ಬಂದರು. ತಾವೇ ಅಳೆದರು. ನನ್ನ ಟೇಪೇ ಹಿಡಿದರು. ಮೂವತ್ತೊಂದೇ ಬಂತು. ಅವರ ಕೈ ಚುರುಕಾಯಿತು. ಎಕ್ಸ್‌ರೇ ತೆಗೆಸಿದರು. ಒಳಗೆ ಕರುಳು ಕೆಲಸ ನಿಲ್ಲಿಸಿ ಗಾಳಿ ತುಂಬಿ ಊದಿಕೊಂಡಿತ್ತು. ಮೂಗಿನಿಂದ ಒಂದು ನಳಿಕೆ, ಕೆಳಗಿನಿಂದ ಒಂದು ನಳಿಕೆ ಹಾಕಿದರು. ಎರಡು ಗಂಟೆಯೊಳಗೆ ಇಳಿಯದಿದ್ದರೆ ಹೊಟ್ಟೆ ಮತ್ತೆ ತೆರೆಯಬೇಕಾಗುತ್ತದೆ ಎಂದು ನನ್ನಿಂದ ಸಹಿ ಹಾಕಿಸಿಕೊಂಡರು. ಬೆಳಿಗ್ಗೆ ಅರ್ಜಿಗೆ ಸಹಿ ಹಾಕಿದ ಕೈಯಿಂದಲೇ ಅದನ್ನೂ ಹಾಕಿದೆ.

ಗಾಳಿ ಹೊರಗೆ ಬರತೊಡಗಿತು. ಬದುಕಿನಲ್ಲಿ ಹೂಸಿನ ಸದ್ದಿಗೆ ನಾನು ಕೈಮುಗಿದದ್ದು ಅದೊಂದೇ ಸಲ. ಸಪ್ನಾ ಮಂಚದ ಪಕ್ಕ ಬಿಟ್ಟು ಕದಲಲಿಲ್ಲ. ಗಂಟೆಗೊಮ್ಮೆ ಅಳೆದಳು, ಗಂಟೆಗೊಮ್ಮೆ ಬರೆದಳು. ಇಪ್ಪತ್ತಾರು. ಇಪ್ಪತ್ತೊಂದು. ಮೂತ್ರದ ನಳಿಕೆಯಲ್ಲಿ ಒಂದು ಹನಿ ಕಾಣಿಸಿತು, ಇನ್ನೊಂದು ಬಂತು. ಮಧ್ಯಾಹ್ನ ಎರಡು ಗಂಟೆಗೆ ಹದಿನಾರು ಸೆಂಟಿಮೀಟರ್, ಚೀಲದಲ್ಲಿ ನಲವತ್ತು ಎಂ.ಎಲ್. ಆಪರೇಷನ್ ಬೇಕಾಗಲಿಲ್ಲ. "ಕೊನೀ ಬಳ್ಳಿಗೆ ನೀರು ಮುಟ್ಟಿತು" ಎಂದಳು ಸಪ್ನಾ, ಯಾರಿಗೂ ಅಲ್ಲ, ತನ್ನಷ್ಟಕ್ಕೆ. ನನಗೆ ಆಗ ಅದು ಅರ್ಥವಾಗಿರಲಿಲ್ಲ.

ನಾಲ್ಕನೆಯ ದಿನ ಮೃಣಾಲ ಎದ್ದು ಕೂತು ಮಗುವಿಗೆ ಹಾಲು ಕೊಟ್ಟಳು. ನಾನು ಗುರಣ್ಣನವರ ಕೋಣೆಗೆ ಹೋಗಿ ಅರ್ಜಿ ವಾಪಸ್ಸು ಬೇಕೆಂದೆ.

"ಹಂಗೆಲ್ಲ ಕೊಡಲಿಕ್ಕೆ ಬರಂಗಿಲ್ರಿ, ಫೈಲಿಗೆ ಹೋಗ್ಯದ" ಎಂದರು. "ನಿಮ್ಮ ಅರ್ಜಿದೊಂದ ಅಲ್ಲ. ಹೇಳದ ಕೋಣಿಗೆ ಹೋಗಿದ್ದು, ಹೇಳದ ಅಳತಿ ಮಾಡಿದ್ದು, ಆಪರೇಷನ್ ಬಾಗಲಾಗ ಒದರಿದ್ದು. ಮೆಮೊ ಕೊಟ್ಟೀವಿ. ತಪ್ಪಾಗೇದ ಅಂತ ಒಂದ ಸಾಲು ಬರದು ಕೊಟ್ರ ಮುಗೀತು."

ಅಲ್ಲಿಯೇ ಕುರ್ಚಿಯಲ್ಲಿ ಡಾಕ್ಟರ್ ಮಲ್ಲಿಕಾರ್ಜುನ ಕುಳಿತಿದ್ದರು. ಅಳತೆ ಸರಿಯಿತ್ತು ಎಂಬ ಒಂದು ಮಾತು ಅವರ ಬಾಯಿಂದ ಬರಬಹುದಿತ್ತು. ಮೊಬೈಲ್ ನೋಡುತ್ತ ಕುಳಿತರು. ನನಗೆ ಅವರ ಮೇಲೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಆದರೆ ಎರಡು ದಿನ ಬಾಗಿಲಲ್ಲಿ ಕಾವಲು ನಿಂತವನು ಏನು ಹೇಳಲಿ?

ಸಪ್ನಾಳನ್ನು ಕರೆಸಿದರು. ಮೆಮೊ ಮೇಜಿನ ಮೇಲಿಟ್ಟು ಪೆನ್ನು ಕೊಟ್ಟರು. ಆಕೆ ನಿಂತೇ ಬರೆದಳು. ಬರೆದು ಮುಗಿಸಿ ಕಾಗದ ತಿರುಗಿಸಿ ಇಟ್ಟಳು. ನಾನು ಬಗ್ಗಿ ಓದಿದೆ. ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ, ಮೂವತ್ತೆಂಟು. ಒಂಬತ್ತು ಹದಿನಾಲ್ಕು, ಮೂವತ್ತೊಂದು. ಮಧ್ಯಾಹ್ನ ಎರಡು, ಹದಿನಾರು, ಮೂತ್ರ ನಲವತ್ತು. ಅದರ ಕೆಳಗೆ: "ಅಳೆದಿದ್ದೇನೆ. ಮುಂದೆಯೂ ಅಳೆಯುತ್ತೇನೆ." ಅದರ ಕೆಳಗೆ ಸಹಿ.

"ಇದೇನವಾ? ತಪ್ಪಾಗೇದ ಅಂತ ಬರಿ ಅಂದ್ರ?"

"ತಪ್ಪಾಗಿಲ್ರಿ ಗುರಣ್ಣಾರ. ಆಗದ್ದನ್ನ ಹೆಂಗ ಬರೀಲ್ರಿ? ಚಾರ್ಟಿನ್ಯಾಗೂ ಸುಳ್ಳ ಬರದಾಕಿ ಅಲ್ಲ ನಾ."

ತಿಂಗಳ ಕೊನೆಗೆ ಆಕೆಯನ್ನು ಬಿಡಿಸಿದರು. ಈಗ ಆ ಆಸ್ಪತ್ರೆಯ ವಾರ್ಡಿನಲ್ಲಿ ಹೊಟ್ಟೆಯ ಒತ್ತಡ ಅಳೆಯುವುದು ಹೇಗೆ ಎಂದು ಚೆಂದದ ಬಣ್ಣದ ಹಾಳೆ ಅಂಟಿಸಿದ್ದಾರಂತೆ. ಅದರಲ್ಲಿ ಯಾರ ಹೆಸರೂ ಇಲ್ಲ.

ಸಪ್ನಾ ಬಬಲೇಶ್ವರದಲ್ಲಿ ಒಂದು ಸಣ್ಣ ಆಸ್ಪತ್ರೆ ಸೇರಿದಳು ಎಂದು ಚಂದ್ರಕಲಾಳಿಂದ ತಿಳಿದು, ಸಂತೆಯ ದಿನ ಬಸ್ಸು ಹತ್ತಿ ಹೋದೆ. ಸ್ಟೀಲ್ ಟೇಪನ್ನು ಕಾಗದದಲ್ಲಿ ಸುತ್ತಿಕೊಂಡು ಒಯ್ದಿದ್ದೆ, ಆಕೆಗೆ ಕೊಡೋಣವೆಂದು. ಹೊರಗಿನ ಕಟ್ಟೆಯ ಮೇಲೆ ಪರಸಪ್ಪ ಮಗಳಿಗೆ ತಂದ ಬುತ್ತಿ ಹಿಡಿದು ಕೂತಿದ್ದ. ಕಲ್ಲಿನ ಕಥೆ, ಕೊನೆಯ ಬಳ್ಳಿಯ ಕಥೆ ಅವನಿಂದಲೇ ಕೇಳಿದ್ದು. ಕೇಳಿ ಮುಗಿಯುವಾಗ ಸಪ್ನಾ ಹೊರಗೆ ಬಂದಳು. ನಾನು ಎದ್ದು ನಿಂತೆ. ಬಹಳ ದಿನದಿಂದ ಕಾಡುತ್ತಿದ್ದ ಪ್ರಶ್ನೆಯನ್ನು ಕೇಳಿಯೇಬಿಟ್ಟೆ.

"ಅವತ್ತ ನನ್ನ ಟೇಪ್ ಇಸಗೊಂಡ್ಯಲ್ಲವಾ, ನಾ ಅರ್ಜಿ ಕೊಟ್ಟಿದ್ದು ನಿನಗ ಗೊತ್ತಿತ್ತೇನು?"

"ಎಂಟ ಗಂಟೇಕ್ಕ ಗುರಣ್ಣಾರು ನನ್ನ ಕೈಯಾಗ ಕೊಟ್ಟ ಓದಿಸಿದ್ರು" ಎಂದಳು. "ನಿಮ್ಮ ಅಕ್ಷರ ಛಲೋ ಅದಾವು ಸರ್."

ನನಗೆ ಭೂಮಿ ಬಿರಿದು ನನ್ನನ್ನು ನುಂಗಬಾರದೆ ಎನಿಸಿತು. "ಎಲ್ಲಾ ಓದಿದೇನು? ನಾಲ್ಕೂ ಸಾಲು?"

"ನಾಲ್ಕೂ ಓದೇನ್ರಿ."

"ಓದಿ ಮತ್ತ ನಮ್ಮ ಕೋಣಿಗೆ ಬಂದ್ಯಾ?"

"ನಿಮ್ಮ ಮಗಳು ಏನೂ ಬರದಿದ್ದಿಲ್ಲಲ್ರಿ" ಎಂದಳು.

ನಾನು ಅಲ್ಲಿಯೇ ಅತ್ತೆ, ಪರಸಪ್ಪನ ಮುಂದೆಯೇ. ಟೇಪು ಮುಂದೆ ಹಿಡಿದೆ. ಆಕೆ ತೆಗೆದುಕೊಳ್ಳಲಿಲ್ಲ. "ಟೇಪ ನನ್ನ ಕಡೆ ಐತ್ರಿ. ಅರ್ಜಿ ವಾಪಸ್ ಕೇಳಿದ್ರಂತ, ಛಲೋ ಆತು. ಫೈಲಿನಾಗಿಂದ ಬರಲಿಲ್ಲಂದ್ರ ಹೋಗಲಿ. ಆ ನಾಕನೇ ಸಾಲು ನಿಮ್ಮ ಮನ್ಯಾಗಿಂದ ತಗೀರಿ. ಕಲ್ಲ ಅಲ್ಲೈತಿ."

ಮನೆಗೆ ಬಂದು ಗಂಗಾಬಾಯಿಗೆ ಒಂದಕ್ಷರ ಬಿಡದೆ ಹೇಳಿದೆ. ಅವಳು ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಮುಂದಿನ ಸಂತೆಯ ದಿನ ಬೆಳಿಗ್ಗೆ ಮೊಮ್ಮಗಳನ್ನು ಎತ್ತಿಕೊಂಡು, "ನಡೀರಿ, ಬಬಲೇಶ್ವರಕ್ಕ" ಎಂದಳು. ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತಿದ್ದಳು.

ಆಸ್ಪತ್ರೆಯ ಹಿಂದಿನ ಸಣ್ಣ ಕೋಣೆಯಲ್ಲಿ ಸಪ್ನಾ ಸ್ಟೋವ್ ಮೇಲೆ ಚಹಾ ಕುದಿಸುತ್ತಿದ್ದಳು. ಗಂಗಾಬಾಯಿ ಹೋದವಳೇ ಮಗುವನ್ನು ಆಕೆಯ ತೊಡೆಯ ಮೇಲೆ ಮಲಗಿಸಿದಳು. ಆಮೇಲೆ ಎದುರಿಗೆ ಕೂತು, "ನನಗೂ ಒಂದ ಕಪ್ ಹಾಕವಾ" ಎಂದಳು. ಹೊರಗೆ ಹೋದಲ್ಲಿ ನೀರು ಸಹ ಮುಟ್ಟದವಳು ಅವಳು. ಸಪ್ನಾ ಚಹಾ ಸೋಸಿ ಕೊಟ್ಟಳು. ಗಂಗಾಬಾಯಿ ಕಣ್ಣೀರು ಒರೆಸಿಕೊಳ್ಳುತ್ತ ಪೂರ್ತಿ ಕುಡಿದು, ಕಪ್ಪನ್ನು ತಾನೇ ತೊಳೆಯಲು ಎದ್ದಳು.

ಸಪ್ನಾ ಮಗುವಿನ ಮುಖದಿಂದ ಕಣ್ಣೆತ್ತದೆ ಹೇಳಿದಳು: "ಒಂದ ಕಪ್ ಚಾ ಕುಡದ್ರ ಮುಗೀತು ಅಂತ ತಿಳ್ಕೋಬ್ಯಾಡ್ರಿ ಅಮ್ಮಾರ. ಮತ್ತ ಬರ್ರಿ."

ಮುಂದಿನ ವಾರ ಮತ್ತೆ ಹೋದೆವು.